ಹಳೇ ಡೀಸೆಲ್ ಪಿಕಪ್‌ಗೆ ಯಾವ ಕ್ಲಚ್ ಸೆಟ್ ಹಾಕಿಸಲಿ? ಘಾಟಿ ಓಡಾಟ, ಲೋಡ್ ಜಾಸ್ತಿ

ಹೊಸನಗರ ಪಿಕಪ್

ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಬೊಲೆರೊ ಪಿಕಪ್, 2523 ಸಿಸಿ ಡೀಸೆಲ್. ತೋಟದ ಕೆಲಸಕ್ಕೆ ಅಂತಲೇ ಇಟ್ಟುಕೊಂಡಿರುವ ಗಾಡಿ. ಕೊಯ್ಲಿನ ಹೊತ್ತಿಗೆ ಅಡಿಕೆ ಗೊನೆ, ಬೇಸಿಗೆಯಲ್ಲಿ ಗೊಬ್ಬರ, ಜಂಬಿಟ್ಟಿಗೆ ಕಲ್ಲು. ಆಗೊಮ್ಮೆ ಈಗೊಮ್ಮೆ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಬಾಡಿಗೆಗೂ ಹೋಗುತ್ತದೆ.

ಈಗ ಲೋಡ್ ಹಾಕಿಕೊಂಡು ಚಡಾವು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮೊನ್ನೆ ಗೊಬ್ಬರದ ಚೀಲ ಹೇರಿಕೊಂಡು ಬರುವಾಗ ಸುಟ್ಟ ವಾಸನೆ ಕ್ಯಾಬಿನ್ ಒಳಗೇ ಬಂತು. ಕ್ಲಚ್ ಹೋಗಿದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಕೇಳಿದ ಕಡೆಯೆಲ್ಲ ಒಂದೊಂದು ಮಾತು. ಊರಿನ ಮೇಸ್ತ್ರಿ ಬರೀ ಪ್ಲೇಟ್ ಹಾಕಿದರೆ ಸಾಕು ಅಂತಾರೆ. ಶಿವಮೊಗ್ಗದ ಸ್ಪೇರ್ ಅಂಗಡಿಯಲ್ಲಿ ಹೆವಿ ಡ್ಯೂಟಿ ಹಾಕಿ, ಘಾಟಿಗೆ ಅದೇ ಸರಿ ಅಂದರು. ನಮ್ಮ ಭಾವ ಸೆರಾಮಿಕ್ ಬಟನ್ ಪ್ಲೇಟ್ ಅಂತಿದ್ದಾರೆ. ಇನ್ನೊಬ್ಬರು ಹಳೇ ಪ್ಲೇಟಿಗೇ ಲೈನಿಂಗ್ ಹೊಡೆಸು ಅಂತಾರೆ. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕು. ಯಾವುದು ಬಾಳಿಕೆ ಬರುತ್ತೆ, ತಿಳಿದವರು ಹೇಳಿ.

ತೀರ್ಥಹಳ್ಳಿ ಲೋಡ್ ಗಾಡಿ

ಸೆಟ್ ತರುವ ಮೊದಲು ಒಂದು ಸಲ ಖಾತ್ರಿ ಮಾಡಿಕೊಳ್ಳಿ. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲೇಟರ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಇಂಜಿನ್ ತಕ್ಷಣ ಆಫ್ ಆಗಬೇಕು. ಪೂರ್ತಿ ಬಿಟ್ಟ ಮೇಲೂ ಓಡುತ್ತಾ ಇದ್ದರೆ ಕ್ಲಚ್ ಹಿಡಿಯದೆ ಜಾರುತ್ತಿದೆ, ಅಂದರೆ ಸ್ಲಿಪ್ ಆಗ್ತಿದೆ ಅಂತ ಅರ್ಥ. ಒಂದೇ ಸಲ ಸಾಕು, ಪದೇ ಪದೇ ಮಾಡಬೇಡಿ. ಉಳಿದಿರುವುದೂ ಸುಟ್ಟುಹೋಗುತ್ತೆ.

ಹೊಸನಗರ ಪಿಕಪ್

ಮಾಡಿ ನೋಡಿದೆ ಅಣ್ಣ. ಇಂಜಿನ್ ಆಫ್ ಆಗಲೇ ಇಲ್ಲ.

ಸಾಗರ ರಸ್ತೆ ಫಿಟ್ಟರ್

ಯಾವ ಕಂಪನಿ ಸೆಟ್ ಅನ್ನುವುದು ಆಮೇಲಿನ ಮಾತು. ಹಳೇ ಕ್ಲಚ್ ಯಾಕೆ ಹೋಯಿತು ಅಂತ ಮೊದಲು ತಿಳಿಯಬೇಕು. ಅದು ಗೊತ್ತಾಗದೆ ಹೊಸದು ಹಾಕಿದರೆ, ಎಷ್ಟೇ ದುಬಾರಿ ಸೆಟ್ ಆದರೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಗ್ಯಾರೇಜಿಗೆ ಬರುವ ಮಲೆನಾಡಿನ ಗಾಡಿಗಳಲ್ಲಿ ನಾನು ನೋಡುವುದು ಮುಖ್ಯವಾಗಿ ಮೂರು ಕಾರಣ.

ಒಂದು, ಸಹಜವಾದ ಸವೆತ. ಪ್ಲೇಟಿನ ಫೇಸಿಂಗ್, ಅಂದರೆ ಹಿಡಿತ ಕೊಡುವ ಮೇಲಿನ ಪದರ, ಸವೆದು ರಿವೆಟ್ ತಲೆ ಮಟ್ಟಕ್ಕೆ ಬಂದಿರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಹೊಸ ಸೆಟ್ ಹಾಕಿದರೆ ಮುಗಿಯಿತು.

ಎರಡು, ಎಣ್ಣೆ. ಇಂಜಿನ್ ಕಡೆಯಿಂದ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟ್) ಹಿಂದಿನ ಸೀಲ್ ಸೋರಬಹುದು. ಗೇರ್ ಬಾಕ್ಸ್ ಕಡೆಯಿಂದ ಇನ್‌ಪುಟ್ ಶಾಫ್ಟ್ ಸೀಲ್ ಸೋರಬಹುದು. ಫೇಸಿಂಗಿಗೆ ಎಣ್ಣೆ ತಾಗಿದರೆ ಪ್ಲೇಟ್ ದಪ್ಪ ಇದ್ದರೂ ಹಿಡಿಯುವುದಿಲ್ಲ. ಇಂಥ ಗಾಡಿಗೆ ಸೀಲ್ ಬದಲಾಯಿಸದೆ ಸೆಟ್ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ.

ಮೂರು, ಹೈಡ್ರಾಲಿಕ್ ತೊಂದರೆ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನ ರಬ್ಬರ್ ಊದಿಕೊಂಡರೆ, ಇಲ್ಲವೇ ಪುಶ್ ರಾಡ್‌ಗೆ ಸ್ವಲ್ಪವೂ ಆಟ ಇಲ್ಲದಿದ್ದರೆ, ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಒತ್ತಡ ಉಳಿಯುತ್ತದೆ. ಅಂದರೆ ಯಾರೋ ಸದಾ ಪೆಡಲ್ ಮೇಲೆ ಕಾಲಿಟ್ಟ ಹಾಗೇ ಗಾಡಿ ಓಡುತ್ತಿರುತ್ತದೆ. ಸ್ಲಿಪ್ ಆಗದೆ ಇನ್ನೇನಾಗುತ್ತೆ? ಪರೀಕ್ಷೆ ಸುಲಭ. ಸ್ಲಿಪ್ ಆಗುವಾಗ ಗಾಡಿ ನಿಲ್ಲಿಸಿ, ಕ್ಲಚ್ ಕಡೆಯ ಸ್ಲೇವ್ ಸಿಲಿಂಡರಿನ ಬ್ಲೀಡರ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಒಮ್ಮೆ ಸಡಿಲಿಸಿ ಮುಚ್ಚಿ. ಆಮೇಲೆ ಕ್ಲಚ್ ಹಿಡಿದರೆ ತಪ್ಪು ಸಿಲಿಂಡರಿನದ್ದು, ಪ್ಲೇಟಿನದ್ದಲ್ಲ. ಗೇರ್ ಬಾಕ್ಸ್ ಇಳಿಸುವ ಖರ್ಚೇ ಉಳಿಯುತ್ತದೆ.

ಈಗ ನೀವು ಎರಡು ಕೆಲಸ ಮಾಡಿ. ಗಾಡಿ ಕೆಳಗೆ ಹೋಗಿ ಬೆಲ್ ಹೌಸಿಂಗಿನ (ಕ್ಲಚ್ ಮುಚ್ಚಿರುವ ಕವಚ) ತಳದಲ್ಲಿ ಒಂದು ಸಣ್ಣ ಕಿಂಡಿ ಇದೆಯಾ ನೋಡಿ, ಅಲ್ಲಿ ಒದ್ದೆ ಇದ್ದರೆ ಬೆರಳಿಗೆ ತಾಗಿಸಿ ಮೂಸಿ. ಕಪ್ಪಗೆ ತೆಳ್ಳಗಿದ್ದರೆ ಇಂಜಿನ್ ಆಯಿಲ್. ದಪ್ಪಗೆ, ಮೂಗಿಗೆ ಹೊಡೆಯುವ ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್. ಇನ್ನೊಂದು, ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ, ಮೇಲೆ ಸ್ವಲ್ಪ ಆಟ ಇದೆಯಾ ಹೇಳಿ.

ಹೊಸನಗರ ಪಿಕಪ್

ಧನ್ಯವಾದ ಅಣ್ಣ. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಪೆಡಲಿಗೆ ಆಟ ಇದೆ. ಬ್ಲೀಡರ್ ಬಿಟ್ಟು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಕಿಂಡಿ ಹತ್ತಿರ ಮಣ್ಣು ಮೆತ್ತಿಕೊಂಡಿತ್ತು. ಕೆರೆದು ನೋಡಿದರೆ ಒಳಗೆ ಅಂಟಂಟು. ವಾಸನೆ ನೀವು ಹೇಳಿದ ಹಾಗೇ, ಗೇರ್ ಆಯಿಲ್‌ದೇ.

ಸಾಗರ ರಸ್ತೆ ಫಿಟ್ಟರ್

ಹಾಗಾದರೆ ಇನ್‌ಪುಟ್ ಶಾಫ್ಟ್ ಸೀಲ್ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ. ಗೇರ್ ಬಾಕ್ಸ್ ಇಳಿಸಿದ ಮೇಲೆ ಕ್ರ್ಯಾಂಕಿನ ಹಿಂದಿನ ಸೀಲನ್ನೂ ಬದಲಾಯಿಸಿಬಿಡಿ, ಅದು ಸೋರದೆ ಒಣಗಿದ್ದರೂ ಸರಿ. ಸೀಲಿನ ಬೆಲೆ ಏನೂ ಅಲ್ಲ, ಅದರ ಹತ್ತಿರ ಹೋಗುವ ಕೂಲಿಯೇ ದೊಡ್ಡದು. ಜೊತೆಗೆ ಗೇರ್ ಬಾಕ್ಸಿನ ಗಾಳಿ ಕಿಂಡಿ, ಅಂದರೆ ಬ್ರೀದರ್, ಮಣ್ಣು ತುಂಬಿ ಮುಚ್ಚಿದೆಯಾ ನೋಡಿ. ನಮ್ಮ ಕೆಸರು ರಸ್ತೆಯಲ್ಲಿ ಅದು ಮುಚ್ಚಿಕೊಂಡರೆ ಬಿಸಿಯಾದಾಗ ಒಳಗೆ ಒತ್ತಡ ಏರಿ ಎಣ್ಣೆ ಸೀಲಿನ ಮೂಲಕವೇ ಹೊರಬರುತ್ತದೆ. ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತೆ.

ಬರೀ ಪ್ಲೇಟ್ ಹಾಕುವ ಮಾತಿಗೆ ನಾನು ಒಪ್ಪುವುದಿಲ್ಲ. ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಅದನ್ನು ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹೊಸದಾಗಬೇಕು. ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗನ್ನೂ ಬದಲಾಯಿಸಿ. ಇಷ್ಟು ವರ್ಷದ ಗಾಡಿಯಲ್ಲಿ ಪ್ರೆಷರ್ ಪ್ಲೇಟಿನ ಡಯಾಫ್ರಂ ಸ್ಪ್ರಿಂಗ್ ಬಿಸಿ ತಿಂದು ಸತ್ತಿರುತ್ತದೆ. ಮೊದಲಿನಷ್ಟು ಬಲವಾಗಿ ಒತ್ತುವುದಿಲ್ಲ. ಹೊಸ ಪ್ಲೇಟ್ ಹಾಕಿದ ಹೊಸದರಲ್ಲಿ ಚೆನ್ನಾಗಿರುತ್ತೆ, ಮುಂದಿನ ಗೊಬ್ಬರದ ಲೋಡಿಗೆ ಮತ್ತೆ ಇಂಜಿನ್ ಕೂಗುತ್ತೆ.

ಕಲ್ಲುಗುಡ್ಡ ಜೀಪು

ಮಧ್ಯೆ ಬರ್ತಿದ್ದೀನಿ. ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಥ ಇದೆ. ನಾನು ಆಫ್‌ರೋಡಿಗೆ ಇಟ್ಟಿರುವ ಜೀಪಿನಲ್ಲಿ ಸೆರಾಮಿಕ್ ಬಟನ್ ಪ್ಲೇಟ್ ಇದೆ. ಎಷ್ಟು ಬಿಸಿಯಾದರೂ ಬಿಡುವುದಿಲ್ಲ. ಮಾಮೂಲಿ ಆರ್ಗ್ಯಾನಿಕ್ ಫೇಸಿಂಗ್ ಒಂದು ಹಂತದ ಬಿಸಿ ದಾಟಿದರೆ ಹಿಡಿತ ಕಳೆದುಕೊಳ್ಳುತ್ತೆ, ಮೇಲ್ಮೈ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತೆ. ಸೆರಾಮಿಕ್‌ಗೆ ಆ ಚಿಂತೆ ಇಲ್ಲ. ಘಾಟಿಗೆ ಅದಕ್ಕಿಂತ ಒಳ್ಳೆಯದು ಯಾವುದಿದೆ?

ಕೊಪ್ಪದ ಕಾಫಿ ತೋಟ

ಜೀಪು ಅಣ್ಣನ ಮಾತು ಅವರ ಜೀಪಿಗೆ ಸರಿ. ನಮ್ಮ ಪಕ್ಕದ ತೋಟದ ಪಿಕಪ್‌ಗೆ ಯಾರೋ ಬಟನ್ ಪ್ಲೇಟ್ ಹಾಕಿಕೊಟ್ಟಿದ್ದರು. ಹಿಡಿತ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕೆಲಸ ಹೇಗಿರುತ್ತೆ ನೋಡಿ. ಕಾಫಿ ಗಿಡದ ಸಾಲಿನ ಮಧ್ಯೆ ರಿವರ್ಸ್‌ನಲ್ಲಿ ಅಂಗುಲ ಅಂಗುಲ ಸರಿಸಬೇಕು. ಹಿಂದೆ ಆಳು ನಿಂತು ಬಾ ಬಾ ಅಂತಿರುತ್ತಾನೆ. ಆ ಗಾಡಿ ಹಿಡಿದರೆ ಒಂದೇ ಸಲ ಹಿಡಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಮಧ್ಯದ ಅವಸ್ಥೆಯೇ ಇರಲಿಲ್ಲ. ಗಾಡಿ ಜಿಗಿಯುವುದು ನೋಡಿ ಆಳುಗಳು ಹಿಂದೆ ನಿಲ್ಲುವುದನ್ನೇ ಬಿಟ್ಟರು. ಕೊನೆಗೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಮಡಚುವ ಕೀಲು) ಹೋಯಿತು. ಜನ ಓಡಾಡುವ ಜಾಗದಲ್ಲಿ ದುಡಿಯುವ ಗಾಡಿಗೆ ಅದು ಬೇಡವೇ ಬೇಡ.

ಸಾಗರ ರಸ್ತೆ ಫಿಟ್ಟರ್

ಸರಿಯಾಗಿ ಹೇಳಿದಿರಿ. ಜೀಪಿನವರು ಹೇಳಿದ ಬಿಸಿಯ ವಿಷಯವೂ ನಿಜ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಮೆಲ್ಲಗೆ ಬಿಟ್ಟು ಗಾಡಿ ಎಬ್ಬಿಸುವ ಕೆಲಸಕ್ಕೆ ಸೆರಾಮಿಕ್ ಆಗುವುದಿಲ್ಲ. ಫ್ಲೈವೀಲ್ (ಇಂಜಿನ್ ಹಿಂದಿನ ಭಾರದ ಚಕ್ರ, ಪ್ಲೇಟ್ ಒತ್ತಿಕೊಳ್ಳುವುದು ಇದಕ್ಕೇ) ಮತ್ತು ಪ್ರೆಷರ್ ಪ್ಲೇಟಿನ ಮುಖವನ್ನು ಬೇಗ ತಿನ್ನುತ್ತದೆ. ಆ ಒದೆತವೆಲ್ಲ ಗೇರ್ ಬಾಕ್ಸ್, ಕ್ರಾಸ್, ಡಿಫರೆನ್ಷಿಯಲ್ ಮೇಲೆ ಬೀಳುತ್ತದೆ. ಹಳೇ ಗಾಡಿಯಲ್ಲಿ ಇವೆಲ್ಲ ಮೊದಲೇ ಸವೆದಿರುತ್ತವೆ.

ಹೆವಿ ಡ್ಯೂಟಿ ಬಗ್ಗೆಯೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಕೊಡುವುದು ಸಾಮಾನ್ಯವಾಗಿ ಜಾಸ್ತಿ ಒತ್ತುವ ಪ್ರೆಷರ್ ಪ್ಲೇಟ್. ಈ 2523 ಸಿಸಿ ಇಂಜಿನ್ನಿನ ಕಾಮನ್ ರೇಲ್ ಮಾಡೆಲ್ ಕೊಡುವುದೇ 195 ನ್ಯೂಟನ್ ಮೀಟರ್ ಟಾರ್ಕ್. ಕಂಪನಿ ಕ್ಲಚ್ ಮಾಡುವಾಗಲೇ ಇಂಜಿನ್ ಕೊಡುವ ಟಾರ್ಕಿಗಿಂತ ಸಾಕಷ್ಟು ಜಾಸ್ತಿ ತಡೆಯುವ ಹಾಗೆ ಮಾಡಿರುತ್ತಾರೆ. ಇಂಜಿನ್ ಅದೇ ಇರುವಾಗ ಇನ್ನೂ ಬಿಗಿ ಸ್ಪ್ರಿಂಗ್ ಹಾಕಿ ಏನು ಲಾಭ? ಪೆಡಲ್ ಗಟ್ಟಿಯಾಗುತ್ತೆ, ಎಡಗಾಲು ನೋಯುತ್ತೆ. ರಿಲೀಸ್ ಬೇರಿಂಗ್, ಫೋರ್ಕ್, ಸ್ಲೇವ್ ಸಿಲಿಂಡರ್ ಎಲ್ಲದಕ್ಕೂ ಭಾರ ಬೀಳುತ್ತೆ. ಪೆಡಲ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳಿಸಿಕೊಳ್ಳುವುದರಿಂದ ಅದರ ಥ್ರಸ್ಟ್ ವಾಷರ್ ಸವೆಯುತ್ತದೆ. ಪಂಪ್ ಏರಿಸಿ, ಟರ್ಬೊ ಬದಲಾಯಿಸಿ ಇಂಜಿನ್ ಬಲ ಹೆಚ್ಚಿಸಿದ್ದರೆ ಆ ಮಾತು ಬೇರೆ. ನಿಮ್ಮದು ಹಾಗಲ್ಲ.

ಕಂಪನಿಯ ಅಳತೆಯ ಆರ್ಗ್ಯಾನಿಕ್ ಸೆಟ್, ಅದರಲ್ಲಿ ಒಳ್ಳೆಯ ತಯಾರಕರದ್ದು. ನಿಮ್ಮ ಗಾಡಿಗೆ ಅಷ್ಟೇ ಬೇಕಾಗಿರುವುದು. ಹೆವಿ ಡ್ಯೂಟಿಗೆ ಕೊಡಬೇಕು ಅಂದುಕೊಂಡ ಹೆಚ್ಚಿನ ದುಡ್ಡನ್ನು ಸೀಲಿಗೆ, ಫ್ಲೈವೀಲಿಗೆ ಹಾಕಿ.

ಕಲ್ಲುಗುಡ್ಡ ಜೀಪು

ತೋಟದ ರಿವರ್ಸ್ ವಿಷಯ ನಾನು ಯೋಚಿಸಿರಲಿಲ್ಲ. ಒಪ್ಪಿದೆ. ನನ್ನ ಜೀಪಿನಲ್ಲಿ ಲೋ ಗೇರ್ ಇದೆ, ಆದ್ದರಿಂದ ಹಾಫ್ ಕ್ಲಚ್ಚೇ ಬೇಕಾಗುವುದಿಲ್ಲ.

ಭದ್ರಾವತಿ ಲೇತ್

ಫ್ಲೈವೀಲ್ ಮಾತು ಬಂತಲ್ಲ, ಅದು ನಮ್ಮ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಲಚ್ ಸುಟ್ಟ ಗಾಡಿಯ ಫ್ಲೈವೀಲ್ ತಂದು ಬೆಂಚಿನ ಮೇಲಿಟ್ಟರೆ ಮುಖದ ಮೇಲೆ ನೀಲಿ, ನೇರಳೆ ಕಲೆಗಳು ಕಾಣುತ್ತವೆ. ರೂಪಾಯಿ ಅಗಲದ್ದು, ಕೆಲವು ಅಂಗೈ ಅಗಲದ್ದು. ಅಲ್ಲಿ ಬಿಸಿಗೆ ಎರಕದ ಕಬ್ಬಿಣ ಗಟ್ಟಿಯಾಗಿರುತ್ತದೆ. ಬೆರಳ ತುದಿ ಆಡಿಸಿದರೆ ಆ ಜಾಗ ಸ್ವಲ್ಪ ಉಬ್ಬಿದ್ದೂ ಗೊತ್ತಾಗುತ್ತದೆ. ಇದರ ಮೇಲೆ ಹೊಸ ಪ್ಲೇಟ್ ಕೂರಿಸಿದರೆ ಪೂರ್ತಿ ಮುಖ ತಾಗುವುದಿಲ್ಲ. ಗಾಡಿ ಎತ್ತುವಾಗ ಗಡಗಡ ಅಂತ ನಡುಗುವುದು ಹೀಗೆಯೇ. ಗಿರಾಕಿ ಬಂದು ಸೆಟ್ ಸರಿ ಇಲ್ಲ ಅಂತಾರೆ.

ಕೆಲವರು ಸ್ಯಾಂಡ್ ಪೇಪರ್ ಉಜ್ಜಿ ಹಾಕುತ್ತಾರೆ. ಮೇಲಿನ ಬಣ್ಣ ಹೋಗುತ್ತೆ, ಗಟ್ಟಿ ಕಲೆ ಅಲ್ಲೇ ಇರುತ್ತೆ. ಲೇತಿನಲ್ಲಿ ಫೇಸಿಂಗ್ ಹೊಡೆಯಬಹುದು. ಆದರೆ ಗಟ್ಟಿ ಕಲೆ ಬಂದಾಗ ಟೂಲ್ ಹಾರಿ ಮುಂದೆ ಹೋಗಿ ಅಲ್ಲಿ ಸಣ್ಣ ಉಬ್ಬು ಉಳಿಯುತ್ತದೆ. ಕಲೆ ಜಾಸ್ತಿ ಇದ್ದರೆ ಗ್ರೈಂಡಿಂಗ್ ಮೆಷಿನ್ ಇರುವ ಕಡೆ ಕೊಡಿ, ಕಲ್ಲು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ.

ಇನ್ನೂ ಒಂದು ಮುಖ್ಯ ಸಂಗತಿ. ಪ್ರೆಷರ್ ಪ್ಲೇಟ್ ಬೋಲ್ಟ್ ಆಗುವ ಅಂಚಿಗೂ ಪ್ಲೇಟ್ ತಾಗುವ ಮುಖಕ್ಕೂ ಎತ್ತರದಲ್ಲಿ ವ್ಯತ್ಯಾಸ ಇರುವ ಫ್ಲೈವೀಲ್‌ಗಳಿವೆ. ಅಂಥದ್ದರಲ್ಲಿ ಮುಖದಿಂದ ಎಷ್ಟು ತೆಗೆದರೋ ಅಂಚಿನಿಂದಲೂ ಅಷ್ಟೇ ತೆಗೆಯಬೇಕು. ಮುಖ ಮಾತ್ರ ತೆಗೆದರೆ ಪ್ರೆಷರ್ ಪ್ಲೇಟಿನ ಒತ್ತು ಕಡಿಮೆಯಾಗಿ ಹೊಸ ಸೆಟ್ಟೇ ಸ್ಲಿಪ್ ಆಗುತ್ತದೆ. ಕೊಡುವಾಗಲೇ ಹೇಳಿ ಕೊಡಿ. ಕೂದಲೆಳೆಯಂಥ ಬಿರುಕು ಮೇಲ್ಮೈಯಲ್ಲಿದ್ದರೆ ಗ್ರೈಂಡಿಂಗಿಗೆ ಹೋಗುತ್ತದೆ. ಬಿರುಕು ಆಳವಾಗಿದ್ದರೆ, ಬೋಲ್ಟ್ ತೂತಿನ ಕಡೆ ಓಡಿದ್ದರೆ ಬೇರೆ ಫ್ಲೈವೀಲೇ ಹಾಕಬೇಕು. ಅದು ತಿರುಗುವಾಗ ಒಡೆದರೆ ಬೆಲ್ ಹೌಸಿಂಗ್ ಸೀಳಿಕೊಂಡು ಕ್ಯಾಬಿನ್ನಿಗೇ ಬರಬಹುದು. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ರಿಪ್ಪನ್‌ಪೇಟೆ 207

ಒಳ್ಳೆಯ ಮಾಹಿತಿ. ಲೈನಿಂಗ್ ಹೊಡೆಸುವ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಲಾರಿಗಳಿಗೆಲ್ಲ ಅದೇ ಮಾಡಿಸುತ್ತಿದ್ದರು ಅಲ್ವಾ?

ಸಾಗರ ರಸ್ತೆ ಫಿಟ್ಟರ್

ಮಾಡಿಸುತ್ತಿದ್ದರು, ಈಗಲೂ ಮಾಡುವವರಿದ್ದಾರೆ. ಹಳೇ ಫೇಸಿಂಗ್ ಕಿತ್ತು ಹೊಸದನ್ನು ರಿವೆಟ್ ಹೊಡೆದು ಕೂರಿಸುವುದು. ಕೈ ನುರಿತವರು ಮಾಡಿದರೆ ಓಡುತ್ತದೆ. ಆದರೆ ಪ್ಲೇಟ್ ಅಂದರೆ ಬರೀ ಫೇಸಿಂಗ್ ಅಲ್ಲ. ಮಧ್ಯದ ಹಬ್ಬಿನಲ್ಲಿ ಡ್ಯಾಂಪರ್ ಸ್ಪ್ರಿಂಗ್ ಇರುತ್ತವೆ, ಎರಡು ಫೇಸಿಂಗ್ ನಡುವೆ ಅಲೆಯಲೆಯಾದ ತೆಳು ತಗಡು ಇರುತ್ತದೆ. ಕ್ಲಚ್ ಮೆತ್ತಗೆ ಹಿಡಿಯುವುದು ಆ ತಗಡಿನಿಂದ. ಹಳೇ ಪ್ಲೇಟಿನಲ್ಲಿ ತಗಡು ಚಪ್ಪಟೆಯಾಗಿರುತ್ತದೆ, ಸ್ಪ್ರಿಂಗ್ ಸಡಿಲಾಗಿರುತ್ತದೆ, ಶಾಫ್ಟಿಗೆ ಕೂರುವ ಹಲ್ಲುಗಳು, ಅಂದರೆ ಸ್ಪ್ಲೈನ್, ಸವೆದಿರುತ್ತದೆ. ಲೈನಿಂಗ್ ಹೊಡೆಸಿದರೆ ಇದ್ಯಾವುದೂ ಹೊಸದಾಗುವುದಿಲ್ಲ. ಸೆಟ್ ಸಿಗದಂಥ ತೀರಾ ಹಳೆಯ ಗಾಡಿಗೆ ಬೇರೆ ದಾರಿ ಇಲ್ಲದಿದ್ದರೆ ಮಾಡಿಸಿ. ಬೊಲೆರೊ, ಟಾಟಾ 207ಗೆ ಎಲ್ಲ ಕಡೆ ಹೊಸದೇ ಸಿಗುವಾಗ ಬೇಡ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಹಳೆಯ ಫೇಸಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನೋಡಿದರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಲ್ ಹೌಸಿಂಗ್ ಬಿಚ್ಚಿದ ಕೂಡಲೇ ಹುಡುಗರು ಕಂಪ್ರೆಸರ್ ಗಾಳಿ ಹಿಡಿದು ಪುಡಿ ಹಾರಿಸುತ್ತಾರೆ. ದಯವಿಟ್ಟು ಬಿಡಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ರೋಗವಾಗಿ ಕಾಣಿಸುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಲು ಹೇಳಿ. ಕೆಲಸ ಮಾಡುವವರು ನಮ್ಮದೇ ಮನೆಯ ಮಕ್ಕಳ ವಯಸ್ಸಿನವರು.

ಹೊಸನಗರ ಪಿಕಪ್

ಸೆಟ್ ಕೊಳ್ಳುವಾಗ ಏನೇನು ನೋಡಬೇಕು ಅಣ್ಣ? ಡೂಪ್ಲಿಕೇಟ್ ಜಾಸ್ತಿ ಅಂತ ಕೇಳಿದ್ದೇನೆ.

ಸಾಗರ ರಸ್ತೆ ಫಿಟ್ಟರ್

ಲುಕ್, ವ್ಯಾಲಿಯೊ, ಎಕ್ಸೆಡಿ, ಸ್ಯಾಕ್ಸ್ ಇವೆಲ್ಲ ಗಾಡಿ ಕಂಪನಿಗಳಿಗೇ ಕ್ಲಚ್ ಕೊಡುವ ತಯಾರಕರು. ಇವರ ಸೆಟ್ ಯಾವುದು ನಿಮ್ಮ ಮಾಡೆಲ್‌ಗೆ ಸರಿಹೊಂದುತ್ತದೋ ಅದು ಹಾಕಿ, ಇಲ್ಲವೇ ಮಹೀಂದ್ರದ ಬಿಡಿಭಾಗದ ಕೌಂಟರಿನಲ್ಲಿ ಅವರದೇ ಡಬ್ಬಿಯದ್ದು ತನ್ನಿ. ಇವುಗಳಲ್ಲೇ ಯಾವುದು ಹೆಚ್ಚು ಯಾವುದು ಕಡಿಮೆ ಅಂತ ಜಗಳ ಆಡುವುದರಲ್ಲಿ ಅರ್ಥ ಇಲ್ಲ. ಅಸಲಿ ಆಗಿರಬೇಕು, ಸರಿಯಾದ ನಂಬರ್ ಆಗಿರಬೇಕು, ಅಷ್ಟೇ.

ಬೊಲೆರೊ ಪಿಕಪ್ ಅಂತ ಬಾಯಲ್ಲಿ ಹೇಳಿದರೆ ಸಾಲದು. ವರ್ಷಕ್ಕೆ, ಇಂಜಿನ್ನಿಗೆ, ಗೇರ್ ಬಾಕ್ಸಿಗೆ ತಕ್ಕಂತೆ ಪ್ಲೇಟಿನ ಅಗಲವೂ ಸ್ಪ್ಲೈನ್ ಹಲ್ಲಿನ ಲೆಕ್ಕವೂ ಬದಲಾಗಬಹುದು. ಆರ್‌ಸಿ ತೆಗೆದುಕೊಂಡು ಹೋಗಿ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಿಂದೆ ಯಾರಾದರೂ ಗೇರ್ ಬಾಕ್ಸ್ ಬದಲಾಯಿಸಿದ್ದರೆ ಚಾಸಿಸ್ ನಂಬರನ್ನೂ ನಂಬುವ ಹಾಗಿಲ್ಲ. ಆಗ ಹಳೇ ಪ್ಲೇಟ್ ಹೊರಗೆ ಬಂದ ಮೇಲೆ ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಳ್ಳಬೇಕು.

ಡಬ್ಬಿ ಬಿಚ್ಚಿದ ಮೇಲೆ ಪ್ಲೇಟಿನ ಲೋಹದ ಮೇಲೂ ಪ್ರೆಷರ್ ಪ್ಲೇಟಿನ ಮೇಲೂ ನಂಬರ್ ಒತ್ತಿರುತ್ತದೆ, ಡಬ್ಬಿಯ ಮೇಲಿನದಕ್ಕೆ ತಾಳೆ ನೋಡಿ. ಡೂಪ್ಲಿಕೇಟಿನಲ್ಲಿ ಸಾಮಾನ್ಯವಾಗಿ ಅಕ್ಷರ ಮಬ್ಬು, ಡಬ್ಬಿ ಬಣ್ಣ ಮಾಸಲು, ರಿವೆಟ್ ಆಳ ಒಂದೊಂದು ಕಡೆ ಒಂದೊಂದು ಥರ. ಡಯಾಫ್ರಂ ಬೆರಳುಗಳ ತುದಿ ಒಂದೇ ಮಟ್ಟದಲ್ಲಿದೆಯಾ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಬಿಲ್ ಇಲ್ಲದೆ ತರಬೇಡಿ. ಫಿಟ್ ಮಾಡುವ ಮೊದಲು ಪ್ಲೇಟನ್ನು ಇನ್‌ಪುಟ್ ಶಾಫ್ಟಿನ ಮೇಲೆ ಕೈಯಲ್ಲೇ ಹಾಕಿ ನೋಡಿ. ಸಲೀಸಾಗಿ ಜಾರಬೇಕು, ಅಲುಗಾಡಬಾರದು.

ತೀರ್ಥಹಳ್ಳಿ ಲೋಡ್ ಗಾಡಿ

ಗಾಡಿ ಓಡಿಸುವವನಾಗಿ ನನ್ನದೊಂದು ಮಾತು. ಆಗುಂಬೆ ಘಾಟಿಯ 14 ತಿರುವಿನಲ್ಲಿ ಎದುರು ಬಸ್ ಬಂದಾಗ ಎಷ್ಟೋ ಜನ ಹಾಫ್ ಕ್ಲಚ್‌ನಲ್ಲೇ ಗಾಡಿಯನ್ನು ಚಡಾವಿನಲ್ಲಿ ಹಿಡಿದು ನಿಲ್ಲಿಸುತ್ತಾರೆ. ಆ ಕಾಯುವಿಕೆಯಲ್ಲಿ ಆಗುವ ಸವೆತ, ಊರೆಲ್ಲ ಓಡಾಡಿದರೂ ಆಗುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆಯಿರಿ, ನ್ಯೂಟ್ರಲ್ ಮಾಡಿ. ಹ್ಯಾಂಡ್ ಬ್ರೇಕ್ ಹಿಡಿಯದ ಗಾಡಿಗೆ ಕ್ಲಚ್ ಬಾಳುವುದಿಲ್ಲ, ಆದ್ದರಿಂದ ಅದನ್ನೂ ಈಗಲೇ ಸರಿ ಮಾಡಿಸಿ. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗುವಾಗ ಗಾಡಿ ಹತ್ತಿಸುವಲ್ಲಿ ಇಳಿಸುವಲ್ಲಿ ಇದೇ ಕಥೆ ಇತ್ತು. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಆ ಕಡೆಯ ಗಾಡಿಗಳ ಕ್ಲಚ್ಚಿಗೆ ಒಂದು ಕಾಟ ತಪ್ಪಿತು.

ಇನ್ನೊಂದು, ಲೋಡ್ ಇದ್ದಾಗ ಎರಡನೇ ಗೇರ್‌ನಲ್ಲಿ ಎತ್ತುವ ಅಭ್ಯಾಸ ಬಿಡಿ.

ಸಾಗರ ರಸ್ತೆ ಫಿಟ್ಟರ್

ಎರಡನೇ ಗೇರ್ ಮಾತಿಗೆ ಲೆಕ್ಕವೂ ಇದೆ. ಕ್ಲಚ್ ಪೂರ್ತಿ ಹಿಡಿಯುವಷ್ಟರಲ್ಲಿ ಗಾಡಿ ಎಷ್ಟು ವೇಗಕ್ಕೆ ಬರಬೇಕೋ, ಆ ವೇಗದ ವರ್ಗದಷ್ಟು ಬಿಸಿ ಪ್ಲೇಟಿನ ಮೇಲೆ ಬೀಳುತ್ತದೆ. ಎರಡನೇ ಗೇರಿನಲ್ಲಿ ಆ ವೇಗ ಜಾಸ್ತಿ. ಹಾಗಾಗಿ ಒಂದನೇ ಗೇರಿಗಿಂತ ಬಿಸಿ ದುಪ್ಪಟ್ಟಿಗೂ ಮೇಲೆ. ಚಡಾವಿನಲ್ಲಿ ಇನ್ನೂ ಕೆಟ್ಟದ್ದು.

ತೂಕದ ವಿಷಯ ಹೇಳಲೇಬೇಕು. ದೊಡ್ಡ ಅಳತೆಯ ಜಂಬಿಟ್ಟಿಗೆ ಕಲ್ಲು ಒಂದೊಂದು 30 ಕಿಲೋ ದಾಟುತ್ತದೆ, ನೆನೆದಿದ್ದರೆ ಇನ್ನೂ ಭಾರ. 50 ಕಲ್ಲು ಹಾಕಿದರೆ ಒಂದೂವರೆ ಟನ್. ಲೋಡ್ ಮಾಡುವವರು ಎಣಿಕೆ ನೋಡುತ್ತಾರೆ, ತೂಕ ನೋಡುವುದಿಲ್ಲ. ಆರ್‌ಸಿಯಲ್ಲಿರುವ ತೂಕಕ್ಕೆ ಎಷ್ಟು ಕಲ್ಲು ಅಂತ ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಿ.

ಹೊಸನಗರ ಪಿಕಪ್

ತೀರ್ಮಾನ ಮಾಡಿದೆ. ಮಾಮೂಲಿ ಅಳತೆಯ ಪೂರ್ತಿ ಸೆಟ್, ಎರಡು ಸೀಲ್, ಪೈಲಟ್ ಬೇರಿಂಗ್, ಫ್ಲೈವೀಲ್ ಗ್ರೈಂಡಿಂಗ್. ಗೇರ್ ಬಾಕ್ಸ್ ಇಳಿಸುವ ದಿನ ನಾನೇ ಅಲ್ಲಿರುತ್ತೇನೆ. ಫಿಟ್ಟಿಂಗ್ ಮಾಡುವಾಗ ಏನು ನೋಡಿಕೊಳ್ಳಲಿ?

ಸಾಗರ ರಸ್ತೆ ಫಿಟ್ಟರ್

ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಅಂತ ಗುರುತು ಇರುತ್ತದೆ, ತಿರುಗಿಸಿ ಹಾಕಬಾರದು. ಸ್ಪ್ಲೈನಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಜಾಸ್ತಿಯಾದರೆ ತಿರುಗುವಾಗ ಹಾರಿ ಫೇಸಿಂಗಿಗೆ ಬೀಳುತ್ತದೆ. ಪ್ಲೇಟ್ ನಡುವಿಗೆ ಕೂರಿಸಲು ಅಲೈನ್‌ಮೆಂಟ್ ಟೂಲ್ ಇಲ್ಲವೇ ಹಳೇ ಇನ್‌ಪುಟ್ ಶಾಫ್ಟ್ ಬಳಸಬೇಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಎಲ್ಲಕ್ಕಿಂತ ಮುಖ್ಯ, ಗೇರ್ ಬಾಕ್ಸ್ ಏರಿಸುವಾಗ ಅದರ ಭಾರ ಪ್ಲೇಟಿನ ಹಬ್ ಮೇಲೆ ನೇತಾಡಬಾರದು. ಕೈ ಸೋತಿತು ಅಂತ ಅರ್ಧ ಕೂರಿಸಿ ಬಿಟ್ಟರೆ ಹೊಸ ಪ್ಲೇಟ್ ಅಲ್ಲೇ ಬೆಂಡಾಗುತ್ತದೆ. ಆಮೇಲೆ ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಗೇರ್ ಕಿರ್ ಅನ್ನುತ್ತದೆ. ಜಾಕ್ ಕೊಟ್ಟೇ ಏರಿಸಲಿ.

ಕ್ಲಚ್ಚಿನ ಬ್ರೇಕ್ ಆಯಿಲ್ ಕೂಡ ಬದಲಾಯಿಸಿ. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುತ್ತವೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಹೇಳುವುದೇ ಬೇಡ. ತೇವ ಸೇರಿದರೆ ಸಿಲಿಂಡರ್ ಒಳಗೆ ತುಕ್ಕು ಹಿಡಿದು ರಬ್ಬರ್ ಹರಿಯುತ್ತದೆ. ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿ. ಮೊದಲ 500 ಕಿ.ಮೀ. ಭಾರೀ ಲೋಡ್ ಬೇಡ, ಘಾಟಿ ಬೇಡ.

ಹೊಸನಗರ ಪಿಕಪ್

ಕೆಲಸ ಮುಗಿಯಿತು, ಬಿಚ್ಚಿದಾಗ ಕಂಡದ್ದನ್ನು ಬರೆಯುತ್ತೇನೆ. ಬೆಲ್ ಹೌಸಿಂಗ್ ಒಳಗೆ ಕಪ್ಪು ಪುಡಿ, ಗೇರ್ ಆಯಿಲ್ ಸೇರಿ ಅಂಟಿನ ಥರ ಆಗಿತ್ತು. ಪ್ಲೇಟಿನ ಒಂದು ಕಡೆ ರಿವೆಟ್ ಫ್ಲೈವೀಲಿಗೆ ತಾಗಿ ವೃತ್ತಾಕಾರದ ಗೆರೆ ಎಳೆದಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಹಬ್ಬಿನ ಸ್ಪ್ರಿಂಗ್ ಗಿಲಿಗಿಲಿ ಅಂತಿತ್ತು. ಬ್ರೀದರ್ ಕಿಂಡಿ ಕೆಂಪು ಮಣ್ಣಿನಿಂದ ಪೂರ್ತಿ ಮುಚ್ಚಿತ್ತು, ಫಿಟ್ಟರ್ ಅಣ್ಣ ಹೇಳಿದ ಹಾಗೇ. ಸೂಜಿಯಲ್ಲಿ ಚುಚ್ಚಿ ತೆಗೆಸಿದೆ. ಫ್ಲೈವೀಲಿನ ಬಿರುಕು ಮೇಲ್ಮೈಯಲ್ಲೇ ಇತ್ತು, ಗ್ರೈಂಡಿಂಗಿಗೆ ಹೋಯಿತು. ಊರಿನ ಮೇಸ್ತ್ರಿಯೂ ಪ್ಲೇಟಿನ ಸ್ಥಿತಿ ನೋಡಿ ಪೂರ್ತಿ ಸೆಟ್ಟೇ ಸರಿ ಅಂದರು. ಪೆಡಲ್ ಈಗ ಹಗುರ, ನಡುಕ ಇಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ.

ರಿಪ್ಪನ್‌ಪೇಟೆ 207

ಸಂತೋಷ. ನನ್ನದೊಂದು ಪ್ರಶ್ನೆ ಉಳಿದಿದೆ. ನಮ್ಮ 207 ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಲ್ಲುತ್ತದೆ. ಹೋದ ವರ್ಷ ಹೊರಗೆ ತೆಗೆಯುವಾಗ ಕ್ಲಚ್ ಒತ್ತಿದರೂ ಗೇರ್ ಬೀಳುತ್ತಿರಲಿಲ್ಲ. ಪ್ಲೇಟ್ ಹೋಗಿದೆಯಾ?

ಸಾಗರ ರಸ್ತೆ ಫಿಟ್ಟರ್

ಹೋಗಿಲ್ಲ, ಫ್ಲೈವೀಲಿಗೆ ತುಕ್ಕು ಹಿಡಿದು ಪ್ಲೇಟ್ ಅಂಟಿಕೊಂಡಿರುತ್ತದೆ. ಮಲೆನಾಡಿನಲ್ಲಿ ನಿಂತ ಗಾಡಿಗಳಿಗೆಲ್ಲ ಇದಾಗುತ್ತೆ. ಮೊದಲು ನ್ಯೂಟ್ರಲ್‌ನಲ್ಲಿ ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ. ಗಾಡಿಯನ್ನು ತಳ್ಳಿ ಖಾಲಿ ಬಯಲಿಗೆ ತನ್ನಿ, ಎದುರಿಗೆ ಯಾರೂ ಇರಬಾರದು. ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಗಾಡಿ ಜಗ್ಗಿ ಮುಂದೆ ಹೋಗುತ್ತದೆ, ಅದಕ್ಕೆ ಸಿದ್ಧರಾಗಿರಿ. ಕ್ಲಚ್ ಒತ್ತಿಕೊಂಡೇ ಆಕ್ಸಿಲೇಟರ್ ಕೊಡಿ, ಬಿಡಿ, ಕೊಡಿ, ಬಿಡಿ. ಸಾಮಾನ್ಯವಾಗಿ ಸ್ವಲ್ಪ ದೂರದಲ್ಲೇ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಹಠ ಮಾಡದೆ ಗೇರ್ ಬಾಕ್ಸ್ ಇಳಿಸಿ. ಈ ಮಳೆಗಾಲದಲ್ಲಿ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ನಾಲ್ಕು ಸಲ ಕ್ಲಚ್ ಒತ್ತಿ, ಅಂಗಳದಲ್ಲೇ ಒಂದಿಷ್ಟು ಮುಂದೆ ಹಿಂದೆ ಮಾಡಿ ನಿಲ್ಲಿಸಿ.